ಬೆಲೆಗಿಂತ ದೊಡ್ಡ ಚೆಕ್: ಹಳೆ ಕಾರು ಮಾರುವವರ ಹಣ ಹೋಗುವ ದಾರಿ

ಕಾರಿಗೆ ನೀವು ಕೇಳಿದ್ದು 100 ಎಂದಿಟ್ಟುಕೊಳ್ಳಿ. ಒಬ್ಬ ಚೌಕಾಸಿಯನ್ನೇ ಮಾಡದೆ ಒಪ್ಪುತ್ತಾನೆ, 130ರ ಚೆಕ್ ಕಳಿಸುತ್ತಾನೆ. ಜೊತೆಗೊಂದು ಸಬೂಬು: ಮೇಲಿನ 30 ಕಾರು ಸಾಗಿಸುವ ಲಾರಿಯವನ ಬಾಡಿಗೆ, ಚೆಕ್ ಜಮೆಯಾದ ಕೂಡಲೇ ಅವನಿಗೆ ಕಳಿಸಿಬಿಡಿ, ನಿಮ್ಮ ಓಡಾಟಕ್ಕೆಂದು 1 ನೀವೇ ಇಟ್ಟುಕೊಳ್ಳಿ. ನೀವು ಚೆಕ್ಕನ್ನು ಬ್ಯಾಂಕಿಗೆ ಹಾಕುತ್ತೀರಿ. ಒಂದೆರಡು ದಿನದಲ್ಲಿ ಖಾತೆಯಲ್ಲಿ ಹಣ ಕಾಣುತ್ತದೆ. ಹೇಳಿದ ಜಾಗಕ್ಕೆ 29 ಕಳಿಸುತ್ತೀರಿ. ಆಮೇಲೆ ಯಾವತ್ತೋ ಒಂದು ದಿನ ಆ ಚೆಕ್ ನಕಲಿ ಎಂದು ಹಿಂದಿರುಗುತ್ತದೆ. ಬ್ಯಾಂಕು ತಾನು ಕೊಟ್ಟಿದ್ದ 130ನ್ನು ಪೂರ್ತಿ ವಾಪಸ್ ಎಳೆದುಕೊಳ್ಳುತ್ತದೆ, ಮೇಲಿಷ್ಟು ಶುಲ್ಕವನ್ನೂ ಹಾಕುತ್ತದೆ. ಕಾರು ಮಾತ್ರ ಮನೆಮುಂದೆ ನಿಂತಲ್ಲೇ ನಿಂತಿರುತ್ತದೆ.

ಕಾರಾದರೂ ಉಳಿಯಿತಲ್ಲ ಎಂದು ಸಮಾಧಾನಪಡುವವರಿದ್ದಾರೆ. ಆದರೆ ಅದು ಅವನಿಗೆ ಬೇಕೇ ಇರಲಿಲ್ಲ. ಕಾರು ಒಯ್ಯಲು ಆಳು ಬೇಕು, ಜಾಗ ಬೇಕು, ಮತ್ತೆ ಮಾರಲು ಕಾಗದಪತ್ರ ಬೇಕು, ದಾರಿಯಲ್ಲಿ ಸಿಕ್ಕಿಬೀಳುವ ಭಯ ಬೇರೆ. 29ಕ್ಕೆ ಇವ್ಯಾವುವೂ ಬೇಡ. ಈ ವಂಚನೆಯಲ್ಲಿ ಕಾರಿನ ಪಾತ್ರ ಇಷ್ಟೇ: ದೊಡ್ಡ ಮೊತ್ತದ ಚೆಕ್ ಬಂದರೆ ಯಾರಿಗೂ ವಿಚಿತ್ರ ಎನಿಸಬಾರದು. ಅದಕ್ಕೇ ಇದೇ ಆಟ ಬಾಡಿಗೆ ಮನೆ, ಪಿಯಾನೋ, ಸಂಗೀತ ಪಾಠ, ಮನೆಯಿಂದಲೇ ಮಾಡುವ ಕೆಲಸ, ಹೀಗೆ ಎಲ್ಲೆಲ್ಲೂ ನಡೆಯುತ್ತದೆ.

ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡಿ. ಖಾತೆಯಲ್ಲಿ ಮೊದಲು ನಿಮ್ಮದೇ 50 ಇತ್ತು. ಚೆಕ್ ಹಾಕಿದ ಮೇಲೆ 180 ಕಂಡಿತು. 29 ಕಳಿಸಿದಿರಿ, 151 ಉಳಿಯಿತು. ಬ್ಯಾಂಕು 130 ಹಿಂದಕ್ಕೆ ತೆಗೆದುಕೊಂಡಿತು, ಈಗ 21. ಅಂದರೆ ಕಳಿಸಿದ 29 ಮೊದಲಿನಿಂದಲೂ ನಿಮ್ಮ ಆ 50ರಿಂದಲೇ ಹೋದದ್ದು. ಬಂದ 130ರಲ್ಲಿ ಒಂದು ಕಾಸೂ ನಿಜವಿರಲಿಲ್ಲ, ‘ನೀವೇ ಇಟ್ಟುಕೊಳ್ಳಿ’ ಎಂದ ಆ 1 ಕೂಡ. ಖಾತೆಯಲ್ಲಿ ಮೊದಲು 10 ಮಾತ್ರ ಇದ್ದಿದ್ದರೆ ಈಗ ನೀವೇ ಬ್ಯಾಂಕಿಗೆ 19 ಬಾಕಿದಾರರು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂಬ ಗಾದೆಯನ್ನು ಇದಕ್ಕಿಂತ ಚೊಕ್ಕವಾಗಿ ಲೆಕ್ಕಕ್ಕಿಳಿಸುವುದು ಕಷ್ಟ.

ಜಮೆ ಬೇರೆ, ವಸೂಲಿ ಬೇರೆ

ಇಡೀ ವಂಚನೆ ನಿಂತಿರುವುದು ಒಂದೇ ಒಂದು ಸಂದಿನ ಮೇಲೆ. ಚೆಕ್ ಎಂದರೆ ಹಣವಲ್ಲ, ‘ಇವರಿಗೆ ಹಣ ಕೊಡಿ’ ಎಂದು ಒಂದು ಬ್ಯಾಂಕಿಗೆ ಬರೆದ ಚೀಟಿ. ಅದನ್ನು ನಿಮ್ಮ ಬ್ಯಾಂಕಿಗೆ ಹಾಕಿದಾಗ ಆ ಚೀಟಿ, ಈಗಿನ ಕಾಲದಲ್ಲಿ ಅದರ ಚಿತ್ರ, ಕ್ಲಿಯರಿಂಗ್ ವ್ಯವಸ್ಥೆಯ ಮೂಲಕ ಚೆಕ್ ಬರೆದವನ ಬ್ಯಾಂಕಿಗೆ ಹೋಗಬೇಕು. ಖಾತೆ ಇದೆಯೇ, ಅದರಲ್ಲಿ ಹಣವಿದೆಯೇ, ಸಹಿ ಸರಿಯಿದೆಯೇ ಎಂದು ಅವರು ನೋಡಬೇಕು. ಅವರು ಒಪ್ಪಿ ಹಣ ಕೊಟ್ಟರೆ ಅದು ವಸೂಲಿ. ಅದಕ್ಕೆ ಮುಂಚೆಯೇ ನಿಮ್ಮ ಬ್ಯಾಂಕು ನಿಮ್ಮ ಖಾತೆಯಲ್ಲಿ ತೋರಿಸುವ ಮೊತ್ತ, ‘ಬರಬಹುದು’ ಎಂಬ ನಂಬಿಕೆಯ ಮೇಲೆ ಕೊಟ್ಟ ತಾತ್ಕಾಲಿಕ ಜಮೆ. ಚೆಕ್ ಹಿಂದಿರುಗಿದರೆ ಅದನ್ನು ವಾಪಸ್ ಪಡೆಯುವ ಹಕ್ಕು ಬ್ಯಾಂಕಿಗಿದೆ. ಖಾತೆ ತೆರೆಯುವಾಗ ಓದದೆ ಸಹಿ ಹಾಕಿದ ಷರತ್ತುಗಳಲ್ಲಿ ಅದೂ ಇರುತ್ತದೆ.

ಈ ಸಂದು ಎಷ್ಟು ಅಗಲ ಎಂಬುದು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ ಅದು ವಿಪರೀತ ಅಗಲ, ಅದಕ್ಕೆ ಕಾರಣವಾದದ್ದು ಗ್ರಾಹಕರ ಒಳ್ಳೆಯದಕ್ಕೆಂದೇ ಮಾಡಿದ ಕಾನೂನು. ಗ್ರಾಹಕರ ಚೆಕ್ ಹಣವನ್ನು ಬ್ಯಾಂಕುಗಳು ವಾರಗಟ್ಟಲೆ ತಡೆಹಿಡಿಯುತ್ತಿವೆ ಎಂಬ ದೂರಿನ ಮೇಲೆ 1987ರಲ್ಲಿ ಅಲ್ಲಿನ ಕಾಂಗ್ರೆಸ್ ಒಂದು ಕಾಯ್ದೆ ತಂದಿತು. ಅದರಡಿಯ ‘ರೆಗ್ಯುಲೇಶನ್ ಸಿಸಿ’ ಎಂಬ ನಿಯಮದ ಪ್ರಕಾರ ಬ್ಯಾಂಕೇ ತನ್ನ ಮೇಲೆ ಬರೆದುಕೊಡುವ ಕ್ಯಾಶಿಯರ್ಸ್ ಚೆಕ್ಕನ್ನು ಪಡೆದವರೇ ಕೌಂಟರಿನಲ್ಲಿ ಜಮೆ ಮಾಡಿದರೆ, ಸಾಮಾನ್ಯವಾಗಿ ಮರು ಕೆಲಸದ ದಿನವೇ ಹಣ ತೆಗೆಯಲು ಬಿಡಬೇಕು. ದೊಡ್ಡ ಮೊತ್ತಕ್ಕೆ, ಹೊಸ ಖಾತೆಗೆ ವಿನಾಯಿತಿಗಳಿವೆ. ಆದರೆ ಹಣ ಬೇಗ ಬಿಡುಗಡೆ ಮಾಡಿ ಎಂದ ಕಾನೂನು, ಚೆಕ್ ಅಸಲಿಯೋ ಎಂದು ಅಷ್ಟೇ ಬೇಗ ಪತ್ತೆಹಚ್ಚುವ ಶಕ್ತಿಯನ್ನು ಕೊಡಲಾರದು. ಒಳ್ಳೆಯ ನಕಲಿಯೊಂದು ಬಯಲಾಗಲು ವಾರಗಳೇ ಹಿಡಿಯಬಹುದು. ವಂಚಕನಿಗೆ ಬೇಕಾದದ್ದು ಆ ನಡುವಿನ ಕೆಲವೇ ದಿನ.

ಬ್ರಿಟನ್ನಿನಲ್ಲಿ ಅದೇ ಸಂದು ತುಂಬ ಕಿರಿದು. 2017ರಲ್ಲಿ ಆರಂಭವಾಗಿ 2019ರಲ್ಲಿ ಪೂರ್ಣಗೊಂಡ ಚಿತ್ರಾಧಾರಿತ ಕ್ಲಿಯರಿಂಗಿನಲ್ಲಿ, ವಾರದ ದಿನ ಹಾಕಿದ ಚೆಕ್ಕಿನ ಗತಿ ಮರು ಕೆಲಸದ ದಿನದ ಕೊನೆಯೊಳಗೆ ಇತ್ಯರ್ಥವಾಗುತ್ತದೆ. ಅದಾದ ಮೇಲೆ, ಹಣ ಪಡೆದವರೇ ಮೋಸದಲ್ಲಿ ಪಾಲುದಾರರಾಗಿದ್ದರ ಹೊರತು, ಅದನ್ನು ವಾಪಸ್ ಕೇಳುವಂತಿಲ್ಲ. ಹಾಗಾಗಿ ಅಲ್ಲಿ ವಂಚಕರು ಶುಕ್ರವಾರ ಸಂಜೆಯನ್ನೂ ರಜೆಯ ಮುನ್ನಾದಿನವನ್ನೂ ಇಷ್ಟಪಡುತ್ತಾರೆ.

ಭಾರತದಲ್ಲಿ ಚೆಕ್ ಪಾಸಾಗುವ ತನಕ ಆ ಹಣವನ್ನು ತೆಗೆಯಲು ಬ್ಯಾಂಕುಗಳು ಸಾಮಾನ್ಯವಾಗಿ ಬಿಡುವುದಿಲ್ಲ. 2025ರ ಅಕ್ಟೋಬರ್ 4ರಿಂದ ಕ್ಲಿಯರಿಂಗ್ ದಿನವಿಡೀ ಸತತವಾಗಿ ನಡೆಯುವಂತಾಯಿತು. ಹಗಲಿನ ನಿಗದಿತ ವೇಳೆಯಲ್ಲಿ ಬಂದ ಚೆಕ್ಕುಗಳ ಚಿತ್ರವನ್ನು ಆಗಿಂದಾಗ್ಗೆ ರವಾನಿಸಬೇಕು, ಹಣ ಕೊಡಬೇಕಾದ ಬ್ಯಾಂಕು ಅಂದೇ ಸಂಜೆ 7ರೊಳಗೆ ಹೌದು ಅಥವಾ ಇಲ್ಲ ಎನ್ನಬೇಕು, ಸುಮ್ಮನಿದ್ದರೆ ಒಪ್ಪಿದಂತೆ ಲೆಕ್ಕ. ಇಲ್ಲಿ ಸಂದು ತಾನಾಗಿ ಇರುವುದು ಕಡಿಮೆ, ಆದ್ದರಿಂದ ವಂಚಕ ಅದನ್ನು ಕೈಯಾರೆ ಕೊರೆಯುತ್ತಾನೆ. ನಿಮ್ಮ ಖಾತೆ ಸಂಖ್ಯೆ ಕೇಳಿ ತಾನೇ ಯಾವುದೋ ಶಾಖೆಯಲ್ಲಿ ಚೆಕ್ ಹಾಕಿ, ಜಮೆ ಚೀಟಿಯ ಫೋಟೋ ಕಳಿಸುತ್ತಾನೆ. ಖಾತೆಯ ಒಟ್ಟು ಬ್ಯಾಲೆನ್ಸಿನಲ್ಲಿ ಕಾಣುವ, ಆದರೆ ತೆಗೆಯಲು ಬಾರದ ಮೊತ್ತವನ್ನೇ ‘ನೋಡಿ, ಬಂದಿದೆ’ ಎಂದು ತೋರಿಸುತ್ತಾನೆ. ಇಲ್ಲವೇ ಬ್ಯಾಂಕಿನ ಸಂದೇಶವನ್ನೇ ಹೋಲುವ ಒಂದು ಎಸ್‌ಎಂಎಸ್ ಅವನ ಕಡೆಯಿಂದಲೇ ಬರುತ್ತದೆ. ವೇಷ ಯಾವುದಾದರೇನು, ಒಳಗಿರುವುದು ಒಂದೇ: ಬಂದಿದೆ ಎಂದು ನೀವು ನಂಬುವ ಹೊತ್ತಿಗೂ ನಿಜಕ್ಕೂ ಬರುವ ಹೊತ್ತಿಗೂ ನಡುವೆ ನಿಮ್ಮ ಕೈಯಿಂದ ಹಣ ಹೊರಡಬೇಕು.

ಆ ಹೊರಡುವ ದಾರಿಯೂ ಅಷ್ಟೇ ಮುಖ್ಯ. ಒಳಗೆ ಬಂದ ಹಣ ಹಿಂದಕ್ಕೆ ಹೋಗಬಲ್ಲದು, ಹೊರಗೆ ಹೋದ ಹಣ ಹಿಂದಕ್ಕೆ ಬರಬಾರದು. ಆದ್ದರಿಂದಲೇ ‘ಲಾರಿಯವ’ ಎಂದೂ ಚೆಕ್ ತೆಗೆದುಕೊಳ್ಳುವುದಿಲ್ಲ. ಬ್ಯಾಂಕಿನ ವೈರ್ ವರ್ಗಾವಣೆ, ವೆಸ್ಟರ್ನ್ ಯೂನಿಯನ್ ಅಥವಾ ಮನಿಗ್ರಾಂನಂಥ ಹಣ ರವಾನೆ ಸಂಸ್ಥೆ, ತಕ್ಷಣದ ಮೊಬೈಲ್ ಪಾವತಿ, ಗಿಫ್ಟ್ ಕಾರ್ಡಿನ ಹಿಂದಿನ ಸಂಖ್ಯೆ, ಕ್ರಿಪ್ಟೋ, ಇವೇ ಆಗಬೇಕು. ಒಳಬರುವುದು ನಿಧಾನದ ಕಾಗದ, ಹೊರಹೋಗುವುದು ಕ್ಷಣದ ಹಣ ಎಂಬ ಈ ಓರೆಯೊಂದನ್ನು ಗುರುತಿಸಿದರೆ ಉಳಿದ ಕಥೆ ಎಷ್ಟೇ ಚೆನ್ನಾಗಿರಲಿ, ಕೇಳಬೇಕಾಗಿಲ್ಲ.

ಡಿಡಿ ಅಂದರೆ ನಗದು ಎಂಬ ನಂಬಿಕೆ

ಸಾಮಾನ್ಯ ವೈಯಕ್ತಿಕ ಚೆಕ್ಕನ್ನು ಅಪರಿಚಿತರಿಂದ ಯಾರೂ ನೆಮ್ಮದಿಯಿಂದ ತೆಗೆದುಕೊಳ್ಳುವುದಿಲ್ಲ. ಹಣವಿಲ್ಲದೆ ಬೌನ್ಸ್ ಆಗಬಹುದು, ಬರೆದವನೇ ಪಾವತಿ ನಿಲ್ಲಿಸಿರಬಹುದು, ಖಾತೆಯೇ ಮುಚ್ಚಿರಬಹುದು. ಡಿಮ್ಯಾಂಡ್ ಡ್ರಾಫ್ಟ್, ಬ್ಯಾಂಕರ್ಸ್ ಚೆಕ್, ಕ್ಯಾಶಿಯರ್ಸ್ ಚೆಕ್ ಹಾಗಲ್ಲ. ಬ್ಯಾಂಕು ಮೊದಲೇ ಹಣ ಪಡೆದು ತನ್ನ ಹೊಣೆಯ ಮೇಲೆ ಬರೆದದ್ದು. ಅಸಲಿಯಾದರೆ ಅದು ನಗದಿಗೆ ಬಹಳ ಹತ್ತಿರ. ತೊಡಕಿರುವುದು ‘ಅಸಲಿಯಾದರೆ’ ಎಂಬ ಆ ಮಾತಿನಲ್ಲಿ. ಜನ ಹೆಚ್ಚು ನಂಬುವ ಕಾಗದವನ್ನೇ ಕಳ್ಳ ಮೊದಲು ನಕಲು ಮಾಡುತ್ತಾನೆ. ಹಾಗಾಗಿ ಮುಖವನ್ನೇ ಕಾಣದ ಅಪರಿಚಿತ ಅಂಚೆಯಲ್ಲಿ ಕಳಿಸಿದ ಡಿಡಿಯನ್ನು ಅವನ ವೈಯಕ್ತಿಕ ಚೆಕ್ಕಿಗಿಂತ ಹೆಚ್ಚು ನಂಬಲು ಯಾವ ಕಾರಣವೂ ಇಲ್ಲ.

ಕಾಗದ ನೋಡಿ ಪತ್ತೆಹಚ್ಚಬಹುದೇ? ಕೆಲವು ಸಲ. ಭಾರತದ ಚೆಕ್ಕುಗಳನ್ನು ಬೆಳಕಿಗೆ ಹಿಡಿದರೆ ‘ಸಿಟಿಎಸ್-ಇಂಡಿಯಾ’ ಎಂಬ ನೀರಚ್ಚು ಕಾಣಬೇಕು. ಫೋಟೋಕಾಪಿ ಮಾಡಿದರೆ ಮಾತ್ರ ಮೂಡುವ ‘ವಾಯ್ಡ್’ ಗುರುತೂ, ಅತಿನೇರಳೆ ಬೆಳಕಿಗೆ ಮಾತ್ರ ಕಾಣುವ ಬ್ಯಾಂಕಿನ ಲಾಂಛನವೂ ಇರುತ್ತವೆ. ಅಮೆರಿಕದ ಅಂಚೆ ಮನಿ ಆರ್ಡರಿನಲ್ಲಿ ಬೆಂಜಮಿನ್ ಫ್ರಾಂಕ್ಲಿನ್ನರ ನೀರಚ್ಚು ಇದೆ, ಮತ್ತು ದೇಶದೊಳಗಿನ ಒಂದು ಮನಿ ಆರ್ಡರಿಗೆ 1,000 ಡಾಲರ್ ಮಿತಿ. ಅದಕ್ಕಿಂತ ದೊಡ್ಡ ಮೊತ್ತದ್ದೊಂದು ಬಂದರೆ ನೀರಚ್ಚು ಹುಡುಕುವ ಶ್ರಮವೂ ಬೇಡ. ಚೆಕ್ಕಿನ ಕೆಳಗಂಚಿನ ಸಂಖ್ಯೆಗಳು ಯಂತ್ರ ಓದುವ ಕಾಂತೀಯ ಶಾಯಿಯಲ್ಲಿರುತ್ತವೆ, ಆ ಶಾಯಿ ಬೆಳಕಿಗೆ ಮಿರಮಿರ ಮಿನುಗುವುದಿಲ್ಲ. ಮೊತ್ತ ಅಂಕಿಯಲ್ಲಿ ಒಂದು, ಅಕ್ಷರದಲ್ಲಿ ಇನ್ನೊಂದು, ಬ್ಯಾಂಕಿನ ವಿಳಾಸದಲ್ಲಿ ಕಾಗುಣಿತ ತಪ್ಪು, ಇಂಥ ಒರಟು ನಕಲಿಗಳೂ ಬರುತ್ತವೆ.

ಆದರೆ ಕಣ್ಣಿನ ಪರೀಕ್ಷೆಯನ್ನು ನೆಚ್ಚಿ ಕೂರಬೇಡಿ. ಬಹಳ ಸಲ ಹಾಳೆಯೇ ಅಸಲಿ. ಅಂಚೆಪೆಟ್ಟಿಗೆಯಿಂದ ಕದ್ದ ಚೆಕ್ಕಿನ ಬರಹವನ್ನು ಅಸಿಟೋನಿನಂಥ ದ್ರಾವಣದಲ್ಲಿ ತೊಳೆದು ಹೆಸರು, ಮೊತ್ತ ಬದಲಿಸುತ್ತಾರೆ. ನೀರಚ್ಚು ಸರಿಯಿರುತ್ತದೆ, ಸಹಿಯೂ ಅಸಲಿಯೇ ಇರುತ್ತದೆ. ಇನ್ನೊಂದು ಬಗೆಯಲ್ಲಿ ಹಾಳೆಯನ್ನು ಮುದ್ರಿಸಿದ್ದು ವಂಚಕ, ಅದರ ಮೇಲಿನ ಖಾತೆ ಸಂಖ್ಯೆ ನಿಜವಾದ ಕಂಪನಿಯೊಂದರದ್ದು. ಆ ಖಾತೆಯಲ್ಲಿ ಹಣವೂ ಇರುತ್ತದೆ. ಇನ್ನೂ ಜಾಣರು ಚೆಕ್ಕಿನ ಮೇಲೆ ಒಂದು ಬ್ಯಾಂಕಿನ ಹೆಸರು, ಕೆಳಗಿನ ಸಂಕೇತದಲ್ಲಿ ಇನ್ನೊಂದು ಬ್ಯಾಂಕಿನ ಸಂಖ್ಯೆ ಅಚ್ಚು ಹಾಕುತ್ತಾರೆ. ಯಂತ್ರ ಸಂಖ್ಯೆಯನ್ನು ನಂಬಿ ತಪ್ಪು ಬ್ಯಾಂಕಿಗೆ ಕಳಿಸುತ್ತದೆ, ಅಲ್ಲಿಂದ ಅದು ತಿರುಗಿ ಬರುವಷ್ಟರಲ್ಲಿ ಇನ್ನಷ್ಟು ದಿನ ಸಿಗುತ್ತದೆ. ಇದು ಮುದ್ರಣದ ದೋಷವಲ್ಲ, ಬೇಕೆಂದೇ ಕೊಂಡ ಸಮಯ.

ಅದಕ್ಕೇ ಬ್ಯಾಂಕಿಗೆ ಫೋನ್ ಮಾಡಿ ಕೇಳುವಾಗ ಪ್ರಶ್ನೆ ಸರಿಯಾಗಿರಬೇಕು. ‘ಈ ಖಾತೆ ಇದೆಯೇ, ಹಣವಿದೆಯೇ’ ಎಂದರೆ ಕದ್ದ ಖಾತೆಯ ವಿಷಯದಲ್ಲೂ ಹೌದು ಎಂಬ ಉತ್ತರವೇ ಬಂದೀತು. ಕೇಳಬೇಕಾದದ್ದು ಹೀಗೆ: ಈ ಸಂಖ್ಯೆಯ ಡ್ರಾಫ್ಟನ್ನು, ಈ ದಿನಾಂಕದಂದು, ಈ ಹೆಸರಿಗೆ, ಇಷ್ಟೇ ಮೊತ್ತಕ್ಕೆ ನೀವು ಕೊಟ್ಟಿದ್ದೀರಾ? ನಾಲ್ಕೂ ಹೊಂದಬೇಕು. ಚೆಕ್ಕಿನ ಮೇಲೆ ಅಚ್ಚಾದ ಫೋನ್ ಸಂಖ್ಯೆಗೆ ಕರೆ ಮಾಡಬೇಡಿ. ಆ ಕಡೆ ‘ನಮಸ್ಕಾರ, ಬ್ಯಾಂಕಿನಿಂದ’ ಎನ್ನುವವನು ಅವನ ಜೊತೆಗಾರನೇ ಆಗಿರಬಹುದು. ಬ್ಯಾಂಕಿನ ಅಧಿಕೃತ ಜಾಲತಾಣವನ್ನು ನೀವೇ ಟೈಪ್ ಮಾಡಿ ತೆಗೆದು ಸಂಖ್ಯೆ ಹುಡುಕಿ, ಆಗುವುದಾದರೆ ಅದೇ ಬ್ಯಾಂಕಿನ ಯಾವುದಾದರೂ ಶಾಖೆಗೆ ಕಾಗದ ಹಿಡಿದೇ ಹೋಗಿ.

ನಿಮ್ಮ ಸ್ವಂತ ಬ್ಯಾಂಕಿನ ಕೌಂಟರಿನಲ್ಲಿ ಕೇಳುವ ಪ್ರಶ್ನೆಯೂ ಅಷ್ಟೇ. ‘ಹಣ ಬಂದಿದೆಯಾ?’ ಎಂದರೆ ಗುಮಾಸ್ತ ಪರದೆ ನೋಡಿ ‘ಬಂದಿದೆ’ ಎನ್ನುತ್ತಾನೆ. ಅವನು ಸುಳ್ಳು ಹೇಳಿಲ್ಲ, ಜಮೆಯಾದದ್ದನ್ನು ಹೇಳಿದ್ದಾನೆ. ‘ಆ ಬ್ಯಾಂಕು ಹಣ ಕೊಟ್ಟಾಯಿತೇ? ಇನ್ನು ಯಾವ ಕಾರಣಕ್ಕಾದರೂ ಈ ಚೆಕ್ ವಾಪಸಾಗಿ ನನ್ನ ಖಾತೆಯಿಂದ ಕಳೆಯಬಹುದೇ?’ ಎಂದು ಕೇಳಿ. ಎರಡನೇ ಪ್ರಶ್ನೆಗೆ ಸ್ಪಷ್ಟವಾಗಿ ‘ಇಲ್ಲ’ ಎಂಬ ಉತ್ತರ ಬರುವ ತನಕ, ಸಾಧ್ಯವಾದರೆ ಬರವಣಿಗೆಯಲ್ಲಿ, ಆ ಹಣ ನಿಮ್ಮದಲ್ಲ.

ಮಾತಿನಲ್ಲೇ ಸಿಗುವ ಸುಳಿವು

ನಿಜವಾಗಿ ಕಾರು ಕೊಳ್ಳುವವನು ಕಾಡುತ್ತಾನೆ. ಎಷ್ಟು ಓಡಿದೆ, ಟೈರ್ ಯಾವಾಗ ಹಾಕಿದ್ದು, ಎಲ್ಲಾದರೂ ಗುದ್ದಿದೆಯಾ, ವಿಮೆ ಎಲ್ಲಿಯವರೆಗೆ ಎಂದು ಕೇಳಿ ಕೇಳಿ ತಲೆ ತಿನ್ನುತ್ತಾನೆ, ಬಂದು ಬಾನೆಟ್ ಎತ್ತುತ್ತಾನೆ, ಕೊನೆಗೆ ಬೆಲೆ ಇಳಿಸು ಎನ್ನುತ್ತಾನೆ. ಇದ್ಯಾವುದನ್ನೂ ಮಾಡದೆ ಕೇಳಿದ ಬೆಲೆಗೆ ‘ಆಯ್ತು’ ಎನ್ನುವವನು ಸಂಭಾವಿತನೆಂದು ಖುಷಿಪಡುವ ಮೊದಲು, ಅವನು ಕಾರಿನ ಬಗ್ಗೆ ಮಾತಾಡಿದ್ದಾನೆಯೇ ನೋಡಿ. ಒಂದೇ ಸಂದೇಶವನ್ನು ನೂರಾರು ಜನರಿಗೆ ಕಳಿಸುವುದರಿಂದ ಇವರ ಪತ್ರಗಳಲ್ಲಿ ಕಾರಿನ ಹೆಸರೇ ಇರುವುದಿಲ್ಲ. ‘ನಿಮ್ಮ ವಸ್ತು’, ‘ಜಾಹೀರಾತಿನಲ್ಲಿರುವುದು’ ಎಂದಷ್ಟೇ ಇರುತ್ತದೆ. ಪರೀಕ್ಷಿಸುವುದು ಸುಲಭ. ಜಾಹೀರಾತು ಓದಿದವರಿಗೆ ಮಾತ್ರ ಗೊತ್ತಿರುವ ಒಂದು ವಿವರದಲ್ಲಿ ಬೇಕೆಂದೇ ತಪ್ಪು ಮಾಡಿ, ಡೀಸೆಲ್ ಕಾರನ್ನು ಪೆಟ್ರೋಲ್ ಎನ್ನಿ. ನಿಜವಾದ ಗಿರಾಕಿ ತಡೆದು ಕೇಳುತ್ತಾನೆ.

ಬರಲಾಗದ್ದಕ್ಕೆ ಅವರ ಬಳಿ ಕಾರಣ ಸಿದ್ಧವಿರುತ್ತದೆ: ಸೇನೆಯಲ್ಲಿದ್ದೇನೆ, ಹಡಗಿನಲ್ಲಿದ್ದೇನೆ, ಸಮುದ್ರದ ತೈಲಬಾವಿಯಲ್ಲಿದ್ದೇನೆ, ವಿದೇಶದ ಗಿರಾಕಿಗಾಗಿ ಕೊಳ್ಳುತ್ತಿದ್ದೇನೆ. ಇವೆಲ್ಲ ಒಂದೇ ಉದ್ದೇಶದವು: ಎದುರು ಬರದೆ ಇರುವುದು, ಮತ್ತು ಮೂರನೆಯವನೊಬ್ಬನನ್ನು ನಡುವೆ ತರುವುದು. ಹೆಚ್ಚಿನ ಮೊತ್ತಕ್ಕೂ ಹೀಗೇ ನಾನಾ ನೆಪ. ಕಾರ್ಯದರ್ಶಿ ತಪ್ಪಾಗಿ ಬರೆದಳು. ಬೇರೊಬ್ಬ ನನಗೆ ಕೊಡಬೇಕಿದ್ದ ಚೆಕ್ಕನ್ನು ನೇರ ನಿಮ್ಮ ಹೆಸರಿಗೇ ಬರೆಸಿದ್ದೇನೆ. ಸಾಗಣೆಯವನು ಚೆಕ್ ಮುಟ್ಟುವುದಿಲ್ಲವಂತೆ. ಉತ್ತರವಿಲ್ಲದ ಪ್ರಶ್ನೆ ಒಂದೇ: ನೀನು ನಂಬುವ, ನೀನೇ ಗೊತ್ತುಮಾಡಿದ ಸಾಗಣೆಯವನಿಗೆ ನೀನೇ ಏಕೆ ಹಣ ಕಳಿಸಬಾರದು? ಮುಖ ನೋಡದ ಮಾರಾಟಗಾರನಿಗೆ ಬೆಲೆಗಿಂತ ಹೆಚ್ಚು ಕೊಟ್ಟು ‘ಉಳಿದದ್ದು ಕಳಿಸಿ’ ಎಂದು ನಂಬುವವನು, ತಾನೇ ಕರೆಸಿದ ಲಾರಿಯವನಿಗೆ ಬಾಡಿಗೆ ಕೊಡಲಾರನೇ?

ಕೊನೆಯದು ಅವಸರ. ಚೆಕ್ ತಲುಪಿದ ದಿನದಿಂದ ದಿನಕ್ಕೆ ನಾಲ್ಕು ಸಂದೇಶ: ಹಾಕಿದಿರಾ, ಬಂತಾ, ಕಳಿಸಿದಿರಾ, ರಸೀದಿ ಎಲ್ಲಿ. ಎರಡು ವಾರ ಕಾಯೋಣ ಎಂದರೆ ಧ್ವನಿ ಬದಲಾಗುತ್ತದೆ. ಪೊಲೀಸರ, ವಕೀಲರ ಹೆಸರು ಬರುತ್ತದೆ. ಪ್ರಾಮಾಣಿಕನಿಗೆ ಕಾಯುವುದು ಬೇಸರ ತರುತ್ತದೆ ಅಷ್ಟೇ, ಇವನಿಗೆ ಕಾದರೆ ಆಟವೇ ಮುಗಿಯುತ್ತದೆ.

ಹಣ ತೆಗೆದುಕೊಳ್ಳುವ ಕ್ರಮ

ಜಾಹೀರಾತಿನಲ್ಲೇ ಬರೆದುಬಿಡಿ: ಕಾರನ್ನು ಕಣ್ಣಾರೆ ನೋಡಿ ಕೊಳ್ಳುವವರಿಗೆ ಮಾತ್ರ, ಒಪ್ಪಿದಷ್ಟೇ ಮೊತ್ತ, ಪಾವತಿ ನಮ್ಮೆದುರು ಬ್ಯಾಂಕಿನಲ್ಲಿ. ಈ ಒಂದು ಸಾಲು ಅರ್ಧ ಜಗಳವನ್ನು ಬಾಗಿಲಲ್ಲೇ ತಡೆಯುತ್ತದೆ. ನಂತರ ಯಾರಾದರೂ ಬೇರೆ ದಾರಿ ಹೇಳಿದರೆ ಹೊಸದಾಗಿ ನಿರ್ಧರಿಸುವ ಕಷ್ಟವೂ ಇರುವುದಿಲ್ಲ.

ದೂರವಿರುವವರಿಗೂ ಹತ್ತಿರವಿರುವವರಿಗೂ ಅತ್ಯಂತ ಸ್ವಚ್ಛವಾದದ್ದು ಖಾತೆಯಿಂದ ಖಾತೆಗೆ ನೇರ ವರ್ಗಾವಣೆ. ಅದರಲ್ಲೂ ಎರಡು ಮಾತು. ಬಂದಿದೆಯೋ ಎಂದು ಕೊಳ್ಳುವವನ ಫೋನಿನಲ್ಲಿ, ಅವನು ಕಳಿಸಿದ ಸ್ಕ್ರೀನ್‌ಶಾಟಿನಲ್ಲಿ, ಎಸ್‌ಎಂಎಸ್‌ನಲ್ಲಿ ನೋಡಬೇಡಿ. ನಿಮ್ಮ ಆ್ಯಪ್ ನೀವೇ ತೆರೆದು, ತೆಗೆಯಲು ಸಿಗುವ ಬ್ಯಾಲೆನ್ಸಿನಲ್ಲಿ ನೋಡಿ. ಎರಡನೆಯದು, ಹಣ ಬಂದ ಖಾತೆಯ ಹೆಸರು ಕೊಳ್ಳುವವನ ಗುರುತಿನ ಚೀಟಿಯ ಹೆಸರಿಗೆ, ಮಾರಾಟಪತ್ರದ ಹೆಸರಿಗೆ ಹೊಂದಬೇಕು. ಬೇರೆ ಯಾರದ್ದೋ ಖಾತೆಯಿಂದ ಬಂದ ಹಣ ಕದ್ದದ್ದಾಗಿದ್ದರೆ, ಮೂಲ ವಾರಸುದಾರ ದೂರು ಕೊಟ್ಟಾಗ ತಡೆ ಬೀಳುವುದು ನಿಮ್ಮ ಖಾತೆಗೆ. ಕಾರನ್ನು ಕೊಟ್ಟಾಗಿರುತ್ತದೆ, ಹಣ ಮುಟ್ಟುವಂತಿರುವುದಿಲ್ಲ.

ಡಿಡಿ ಅಥವಾ ಕ್ಯಾಶಿಯರ್ಸ್ ಚೆಕ್ಕೇ ಆಗಬೇಕೆಂದರೆ, ವಾರದ ನಡುವಿನ ದಿನ ಬೆಳಿಗ್ಗೆ ಕೊಳ್ಳುವವನ ಜೊತೆ ಅವನ ಬ್ಯಾಂಕಿಗೇ ಹೋಗಿ. ಅದು ನಿಮ್ಮ ಕಣ್ಣೆದುರು ಬರೆಯಲ್ಪಡಬೇಕು ಮತ್ತು ಕೌಂಟರಿನ ಕೈಯಿಂದ ನೇರ ನಿಮ್ಮ ಕೈಗೆ ಬರಬೇಕು. ನಡುವೆ ಅವನ ಕೈಗೆ ಹೋಗಿ, ‘ಒಂದು ನಿಮಿಷ, ಫೋಟೋ ತೆಗೆದುಕೊಳ್ಳುತ್ತೇನೆ’ ಎಂದು ಜೇಬಿಗೆ ಹೋಗಿ ಬಂದರೆ, ಬಂದದ್ದು ಹೋದದ್ದೇ ಎಂದು ಹೇಳಲಾಗದು. ಅಸಲಿ ತೋರಿಸಿ ನಕಲಿ ಕೊಡುವುದು ಹಳೆಯ ಕೈಚಳಕ. ಅಲ್ಲಿಂದ ಸೀದಾ ನಿಮ್ಮ ಬ್ಯಾಂಕಿಗೆ ಹೋಗಿ ಜಮೆ ಮಾಡಿ. ಬ್ಯಾಂಕಿಗೆ ಬರಲು ಒಪ್ಪದವನಿಗೆ, ಶನಿವಾರ ಸಂಜೆಯೇ ಬೇಕೆನ್ನುವವನಿಗೆ, ಕಾರು ಸೋಮವಾರವೂ ಇಲ್ಲೇ ಇರುತ್ತದೆ ಎಂದು ಹೇಳಿದರಾಯಿತು.

ಭಾರತದಲ್ಲಿ ಚೆಕ್ ತೆಗೆದುಕೊಳ್ಳಲೇಬೇಕಾದರೆ ಕೊಳ್ಳುವವನಿಂದ ‘ಪಾಸಿಟಿವ್ ಪೇ’ ಮಾಡಿಸಿ. 2021ರ ಜನವರಿ 1ರಿಂದ ಇರುವ ಈ ಏರ್ಪಾಡಿನಲ್ಲಿ 50,000 ರೂಪಾಯಿ ಮತ್ತು ಅದಕ್ಕೂ ಮೇಲಿನ ಚೆಕ್ಕಿನ ಸಂಖ್ಯೆ, ದಿನಾಂಕ, ಪಡೆಯುವವರ ಹೆಸರು, ಮೊತ್ತವನ್ನು ಬರೆದವರು ತಮ್ಮ ಬ್ಯಾಂಕಿಗೆ ಮೊದಲೇ ತಿಳಿಸಬಹುದು, ಕ್ಲಿಯರಿಂಗಿನಲ್ಲಿ ಅದರೊಂದಿಗೆ ತಾಳೆ ನೋಡುತ್ತಾರೆ. ಇದು ತಿದ್ದಿದ ಚೆಕ್ಕನ್ನು ತಡೆಯುತ್ತದೆ, ಹಣವಿಲ್ಲದ ಖಾತೆಯನ್ನಲ್ಲ. ಬೌನ್ಸ್ ಆದರೆ ಕೇಸು ಹಾಕಬಹುದಲ್ಲ ಎಂದು ಧೈರ್ಯಪಡುವವರಿಗೆ ಒಂದು ಮಾತು: ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮು ತನ್ನದೇ ಖಾತೆಯ ಚೆಕ್ಕಿಗೆ ತಾನೇ ಸಹಿ ಹಾಕಿದವನ ಮೇಲೆ ನಡೆಯುತ್ತದೆ. ವಾಪಸಾದ ಸುದ್ದಿ ತಿಳಿದ 30 ದಿನದೊಳಗೆ ನೋಟಿಸ್ ಕಳಿಸಬೇಕು, ಹಣ ಕೊಡಲು 15 ದಿನ ಬಿಡಬೇಕು. ಕದ್ದ ಖಾತೆಯ ನಕಲಿ ಹಾಳೆಗೆ ಯಾವ ಹೆಸರಿಗೆ ನೋಟಿಸ್ ಕಳಿಸುತ್ತೀರಿ?

ನಗದಾದರೆ ಬ್ಯಾಂಕಿನ ಒಳಗೇ ಎಣಿಸಿ, ಯಂತ್ರದಲ್ಲಿ ಪರೀಕ್ಷಿಸಿ, ಅಲ್ಲೇ ಜಮೆ ಮಾಡಿ. ಭಾರತದಲ್ಲಿ ಒಂದು ವ್ಯವಹಾರಕ್ಕೆ ಒಬ್ಬರಿಂದ 2 ಲಕ್ಷ ರೂಪಾಯಿ ಅಥವಾ ಹೆಚ್ಚು ನಗದು ಪಡೆಯುವಂತಿಲ್ಲ. ದಂಡ ಬೀಳುವುದು ಪಡೆದವರಿಗೆ, ಪಡೆದಷ್ಟೇ ಮೊತ್ತ.

ಎಸ್ಕ್ರೋ, ಅಂದರೆ ನಡುವಿನವರು ಹಣ ಹಿಡಿದಿಟ್ಟು ಎರಡೂ ಕಡೆ ಸರಿಯಾದ ಮೇಲೆ ಬಿಡುವ ಸೇವೆ, ದೂರದ ವ್ಯವಹಾರಕ್ಕೆ ಒಳ್ಳೆಯದೇ. ಕೊಳ್ಳುವವನು ಕಳಿಸಿದ ಕೊಂಡಿಯ ಎಸ್ಕ್ರೋ ಮಾತ್ರ ಬೇಡ. ಹೆಸರುವಾಸಿ ತಾಣಗಳನ್ನೇ ಹೋಲುವ ಖೊಟ್ಟಿ ತಾಣಗಳು ಬೇಕಾದಷ್ಟಿವೆ. ಸಂಸ್ಥೆಯನ್ನು ಆರಿಸುವವರು, ವಿಳಾಸ ಟೈಪ್ ಮಾಡುವವರು ನೀವಾಗಿರಿ.

ಮತ್ತು ಕಾಗದಪತ್ರ. ವಸೂಲಿ ಖಾತ್ರಿಯಾಗುವ ತನಕ ಕಾರು, ಎರಡೂ ಕೀಲಿ, ಮೂಲ ನೋಂದಣಿ ಪತ್ರ, ಸಹಿ ಹಾಕಿದ ವರ್ಗಾವಣೆ ಫಾರಂಗಳು ನಿಮ್ಮಲ್ಲೇ ಇರಲಿ. ನಕಲಿ ಡಿಡಿ ಕೊಟ್ಟು ಕಾರನ್ನೇ ಒಯ್ಯುವ ಇನ್ನೊಂದು ಜಾತಿಯ ಕಳ್ಳರೂ ಇದ್ದಾರೆ. ಅವರು ಎದುರಿಗೇ ಬರುತ್ತಾರೆ, ಚೌಕಾಸಿಯನ್ನೂ ಮಾಡುತ್ತಾರೆ, ಮೊತ್ತವೂ ಸರಿಯಾಗಿಯೇ ಇರುತ್ತದೆ. ಮೇಲಿನ ಮಾತಿನ ಸುಳಿವುಗಳ್ಯಾವುವೂ ಅವರಿಗೆ ತಗಲುವುದಿಲ್ಲ, ಬ್ಯಾಂಕಿಗೇ ಹೋಗುವ ಕ್ರಮ ಮಾತ್ರ ತಗಲುತ್ತದೆ.

ಹೆಚ್ಚಿನ ಮೊತ್ತ ಬಂದೇಬಿಟ್ಟರೆ

ಚೆಕ್ ಇನ್ನೂ ಕೈಯಲ್ಲಿದ್ದರೆ ಜಮೆ ಮಾಡಬೇಡಿ. ‘ನೋಡೋಣ, ಪಾಸಾದರೆ ಆಯ್ತು’ ಎಂಬ ಪ್ರಯೋಗವೂ ಬೇಡ. ನಕಲಿ ಚೆಕ್ ಹಾಕಿದ ಖಾತೆ ಎಂಬ ಗುರುತು ಬಿದ್ದರೆ ಬ್ಯಾಂಕು ಖಾತೆಯನ್ನೇ ಮುಚ್ಚಬಹುದು, ಮೊದಲ ವಿವರಣೆ ಕೇಳುವುದು ನಿಮ್ಮನ್ನೇ. ಸರಿಯಾದ ಮೊತ್ತವನ್ನು ನೇರ ವರ್ಗಾವಣೆ ಮಾಡಿದರೆ ಮಾತ್ರ ಮಾರಾಟ ಎಂದು ತಿಳಿಸಿ. ಪ್ರಾಮಾಣಿಕ ತಪ್ಪಾಗಿದ್ದರೆ ಅದು ಒಂದು ದಿನದ ಕೆಲಸ.

ಜಮೆ ಮಾಡಿಯಾಗಿದ್ದರೆ ಬ್ಯಾಂಕಿಗೆ ಹೋಗಿ ಅನುಮಾನವನ್ನು ಬರೆದುಕೊಡಿ, ಆ ಮೊತ್ತವನ್ನು ಇಲ್ಲವೆಂದೇ ಲೆಕ್ಕ ಹಾಕಿ. ನೇರ ವರ್ಗಾವಣೆಯಲ್ಲೇ ಹೆಚ್ಚು ಬಂದು ಅದು ನಿಜವಾಗಿಯೂ ಖಾತೆಯಲ್ಲಿದ್ದರೆ, ಹಿಂದಿರುಗಿಸುವ ಕೆಲಸ ಬ್ಯಾಂಕಿನ ಮೂಲಕ, ಬಂದ ಖಾತೆಗೇ ಆಗಬೇಕು. ‘ಈ ಇನ್ನೊಂದು ಸಂಖ್ಯೆಗೆ ಕಳಿಸಿ’ ಎಂದರೆ ನಿಮ್ಮನ್ನು ಕದ್ದ ಹಣದ ಕಾಲುವೆಯಾಗಿಸುತ್ತಿದ್ದಾರೆ. ‘5,000 ಕಳಿಸಲು ಹೋಗಿ 50,000 ಕಳಿಸಿಬಿಟ್ಟೆ’ ಎಂಬ ಅಳುಕರೆಯೂ ಇದೇ ಚೆಕ್ಕಿನ ಮೊಮ್ಮಗ. ಹಾಗೆಯೇ, ಹಣ ಪಡೆಯಲು ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎಂದರೆ ನಿಲ್ಲಿಸಿ. ಯುಪಿಐನಲ್ಲಿ ಪಿನ್ ಒತ್ತಿದರೆ ಹಣ ಬರುವುದಿಲ್ಲ, ಹೋಗುತ್ತದೆ.

ಕಳಿಸಿಯಾಗಿದ್ದರೆ ಗಂಟೆಗಳ ಲೆಕ್ಕ. ಮೊದಲ ಕರೆ ಹಣ ಹೋದ ದಾರಿಯವರಿಗೆ: ವೈರ್ ಆದರೆ ನಿಮ್ಮ ಬ್ಯಾಂಕಿಗೆ, ಹಿಂದಕ್ಕೆ ಕರೆಸುವ ಕೋರಿಕೆಯೊಂದಿಗೆ, ಹಣ ರವಾನೆ ಸಂಸ್ಥೆಯಾದರೆ ಅವರಿಗೆ, ಏಕೆಂದರೆ ಆ ಕಡೆಯವನು ಇನ್ನೂ ಎತ್ತಿಕೊಂಡಿರದಿದ್ದರೆ ತಡೆಯಬಹುದು, ಗಿಫ್ಟ್ ಕಾರ್ಡಾದರೆ ಕಾರ್ಡು ಮತ್ತು ರಸೀದಿ ಹಿಡಿದು ಅದನ್ನು ಹೊರಡಿಸಿದ ಕಂಪನಿಗೆ. ಭಾರತದಲ್ಲಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ ದೂರು ದಾಖಲಾಗಿ ಹಣ ಸರಿದ ಖಾತೆಗಳನ್ನು ತಡೆಯುವ ಪ್ರಯತ್ನ ನಡೆಯುತ್ತದೆ. ಬ್ರಿಟನ್ನಿನಲ್ಲಿ 159 ನಿಮ್ಮ ಬ್ಯಾಂಕಿಗೇ ಜೋಡಿಸುತ್ತದೆ. ಅಮೆರಿಕದಲ್ಲಿ ಗ್ರಾಹಕರ ದೂರು ಕೇಳುವ ಎಫ್‌ಟಿಸಿ ಮತ್ತು ಎಫ್‌ಬಿಐನ ಅಂತರ್ಜಾಲ ಅಪರಾಧ ದೂರು ಕೇಂದ್ರ ಐಸಿ3ಗೆ, ಚೆಕ್ ಅಂಚೆಯಲ್ಲಿ ಬಂದಿದ್ದರೆ ಅಂಚೆ ತನಿಖಾ ಇಲಾಖೆಗೂ ದೂರು ಕೊಡಬಹುದು. ಲಕೋಟೆಯನ್ನು ಎಸೆಯಬೇಡಿ, ಮುದ್ರೆ ಮತ್ತು ಟ್ರ್ಯಾಕಿಂಗ್ ಸಂಖ್ಯೆ ಅದರ ಮೇಲಿರುತ್ತವೆ. ಚೆಕ್ಕಿನ ಎರಡೂ ಬದಿಯ ಪ್ರತಿ, ಇಡೀ ಮಾತುಕತೆ, ಬ್ಯಾಂಕು ಕೊಟ್ಟ ವಾಪಸಾತಿ ಚೀಟಿ ಒಂದೆಡೆ ಇರಲಿ. ಚೆಕ್ಕಿನ ಮೇಲೆ ಯಾವುದಾದರೂ ನಿಜವಾದ ಕಂಪನಿಯ ಹೆಸರಿದ್ದರೆ ಅವರಿಗೂ ತಿಳಿಸಿ, ಅವರ ಖಾತೆ ಸಂಖ್ಯೆ ಹೊತ್ತ ಹಾಳೆಗಳು ಇನ್ನೂ ಎಷ್ಟು ಕಡೆ ತಿರುಗುತ್ತಿವೆಯೋ.

ದೂರು ಕೊಟ್ಟ ಕೆಲವು ವಾರದ ಬಳಿಕ ‘ನಿಮ್ಮ ಹಣ ಸಿಕ್ಕಿದೆ, ಬಿಡುಗಡೆ ಶುಲ್ಕ ಕಟ್ಟಿ’ ಎಂದು ವಕೀಲರಂತೆಯೋ ತನಿಖಾಧಿಕಾರಿಯಂತೆಯೋ ಒಬ್ಬರು ಕರೆ ಮಾಡಬಹುದು. ಒಮ್ಮೆ ಮೋಸಹೋದವರ ಪಟ್ಟಿ ವಂಚಕರ ನಡುವೆ ಕೈಯಿಂದ ಕೈಗೆ ಸಾಗುತ್ತದೆ, ಮತ್ತು ಆ ಶುಲ್ಕವನ್ನೂ ಗಿಫ್ಟ್ ಕಾರ್ಡಿನಲ್ಲೋ ಕ್ರಿಪ್ಟೋದಲ್ಲೋ ಕೇಳುತ್ತಾರೆ.